ಕೂದಲ ಮರೆಯ ಇಯರ್‌ಬಡ್

ಮೇ ೬, ಸೋಮವಾರ

ಮನೆಗೆ ಬಂದವಳೇ ಸಾಬೂನು ಹಾಕಿ ಹಾಕಿ ಕೈ ತೊಳೆದೆ. ಏಡಿಯ ವಾಸನೆಗೆ ಅಲ್ಲ. ಅದು ಎಷ್ಟೋ ವರ್ಷದಿಂದ ನನ್ನ ಚರ್ಮದಲ್ಲೇ ಇದೆ, ಅದಕ್ಕೆ ಹೇಸಿಕೊಳ್ಳುವ ಕಾಲ ಹೋಯಿತು. ನಾನು ತೊಳೆದದ್ದು ನನ್ನ ಅಕ್ಕನ ಕಿವಿಯ ಗುಗ್ಗೆಯನ್ನು.

ಬೆಳಿಗ್ಗೆ ಕಾರ್ಖಾನೆಯಲ್ಲಿ, ಬೆಂದ ಏಡಿಯ ಕಾಲು ಮುರಿದು ಮಾಂಸ ಬಿಡಿಸುವ ಸಾಲಿನಲ್ಲಿ, ಎಂದಿನಂತೆ ನಾನೂ ಅಕ್ಕ ಮೆಲ್ವೀನಾಳೂ ಪಕ್ಕಪಕ್ಕ ನಿಂತಿದ್ದೆವು. ನಾನು ಮಾತಾಡುತ್ತಿದ್ದೆ. ಆಂಬ್ರೋಸ್ ಭಾವನ ವಿಷಯವೇ. ಹೋದ ಅಕ್ಟೋಬರಿನಲ್ಲಿ ತೀರಿಕೊಂಡ ಮನುಷ್ಯ. ಬದುಕಿದ್ದಾಗ ಒಂದು ಭಾನುವಾರವಾದರೂ ಚರ್ಚಿನಲ್ಲಿ ಸಭೆಯ ಮುಂದೆ ಬಂದು ಮೊಣಕಾಲೂರಲಿಲ್ಲ. ಈಗ ಅವನಿಗಾಗಿ ಕಣ್ಣೀರಿಡುವುದಕ್ಕಿಂತ ಆಗಲೇ ಕೈಹಿಡಿದು ಎಳೆತರಬೇಕಿತ್ತು ಎಂದು ಅವಳಿಗೆ ಹೇಳುತ್ತಿದ್ದೆ. ಪ್ರೀತಿಯಿಂದಲೇ ಹೇಳಿದ್ದು. ಮೊದಲೂ ಹೇಳಿದ್ದೇನೆ. ಸತ್ಯ ಹೇಳಲು ಅಕ್ಕ ತಂಗಿಯರಲ್ಲದೆ ಇನ್ನಾರು ಇದ್ದಾರೆ?

ತಿರುಗಿ ನೋಡಿದರೆ ಅವಳ ಜಾಲರಿ ಟೋಪಿಯ ಅಂಚಿನಿಂದ ಬಿಳಿಯ ಕಡ್ಡಿಯೊಂದು ಇಣುಕುತ್ತಿದೆ. ಮುಖದ ಮೇಲೆ ಸಣ್ಣ ನಗು. ಏನು ಕೇಳುತ್ತಿದ್ದೀ ಎಂದು ಯಂತ್ರದ ಸದ್ದಿನ ಮೇಲೆ ಕಿರುಚಿದೆ. ಅವಳು ಆ ಕಡ್ಡಿಯನ್ನು ಚೂರು ಎಳೆದು, "ಕೊಲೆ ಕಥೆ ಕಣೇ. ಆಮೇಲೆ ಹೇಳು ನಿಂದು. ಪಾಸ್ಟರ್ ಹೆಂಡ್ತಿ ಬಾವೀಲಿ ಸಿಕ್ಕಿದಾಳೆ" ಎಂದು ಮತ್ತೆ ತೂತಿಗೆ ತುರುಕಿಕೊಂಡಳು.

ನನಗೆ ಮೈಯೆಲ್ಲ ಉರಿಯಿತು. ಅವಳ ಕಿವಿಗೆ ಕೈ ಹಾಕಿ ಕಿತ್ತೆ. ಬೆರಳಿಗೆ ಬೆಚ್ಚಗೆ, ಅಂಟಂಟಾಗಿ, ಹಳದಿ ಮೆತ್ತಿಕೊಂಡು ಬಂತು. ಛೀ. ಹಿಡಿದುಕೊಂಡಿರಲಾರದೆ ಏಡಿಯ ಹೊಲಸು ಹರಿದು ಹೋಗುವ ಗುಂಡಿಗೆ ಎಸೆದುಬಿಟ್ಟೆ.

ಮೆಲ್ವೀನಾ ಜಾಲರಿ ಟೋಪಿ ಕಳಚಿ, ಏಪ್ರನ್ ಮೊಳೆಗೆ ನೇತು ಹಾಕಿ ಹೊರಟುಹೋದಳು. ನಮ್ಮ ಮೇಲ್ವಿಚಾರಕಿ ಯೂನಾ ಬೆಲ್ಟ್ ನಿಲ್ಲಿಸಿದಳು. ಅದರ ಚೂರೇನಾದರೂ ಮಾಂಸದಲ್ಲಿ ಸೇರಿದ್ದರೆ ಇಡೀ ದಿನದ ಮಾಲು ಹಾಳು. ಬಿಳಿ ಕೋಟಿನ ಹೆಂಗಸರೆಲ್ಲ ಮೊಣಕೈವರೆಗೆ ಹೊಲಸಿನಲ್ಲಿ ಕೈ ಆಡಿಸಿ ಹುಡುಕಿದರು. ಯೂನಾಗೇ ಸಿಕ್ಕಿತು. ಅದನ್ನು ನನ್ನ ಮೂಗಿನ ಹತ್ತಿರ ಹಿಡಿದು, "ತಗೋ ಬಂಗಾರ, ನಿನ್ನ ಧರ್ಮಯುದ್ಧದ ಗುಂಡು" ಎಂದಳು. ಅದೂ ನಾರುತ್ತಿತ್ತು.

ಮೇ ೮

ಮೆಲ್ವೀನಾಳನ್ನು ಪೆಟ್ಟಿಗೆ ತುಂಬುವ ಕೋಣೆಗೆ ಹಾಕಿದ್ದಾರೆ. ಅವಳೇ ಕೇಳಿಕೊಂಡಳಂತೆ. ಅವಳ ಜಾಗದಲ್ಲಿ ಪಕ್ಕದ ಕೊಲ್ಲಿಯ ಊರಿನ ಒಬ್ಬಳು ಬಂದು ನಿಂತಿದ್ದಾಳೆ. ಅವಳ ಎರಡು ಕಿವಿಯಲ್ಲೂ ಅದೇ. ನಮಸ್ಕಾರ ಎಂದೆ. ತಲೆ ಕುಣಿಸಿದಳು. ನನಗೋ ಅವಳ ಹಾಡಿಗೋ ಗೊತ್ತಾಗಲಿಲ್ಲ.

ಮೊದಲು ಸಾಲಿನ ಆ ತುದಿಯಲ್ಲಿ ಒಬ್ಬಳು ಕೀರ್ತನೆ ಎತ್ತಿದರೆ ಅದು ಹೆಗಲಿಂದ ಹೆಗಲಿಗೆ ಈ ತುದಿಯವರೆಗೆ ಬರುತ್ತಿತ್ತು. ಈಗ ಎಲ್ಲರೂ ಕಿವಿಗೆ ಬಿರಡೆ ಹಾಕಿಕೊಂಡ ಬಾಟಲಿಗಳು.

ಮೇ ೧೨, ಭಾನುವಾರ

ಆರಾಧನೆಯಲ್ಲಿ ಸಾಕ್ಷಿ ಹೇಳುವ ಹೊತ್ತಿಗೆ ಎದ್ದು ನಿಂತೆ. ಕಿವಿ ಕೊಟ್ಟವನು ಕರ್ತನು, ಅದರ ಬಾಯಿಗೆ ರಬ್ಬರಿನ ಬೆಣೆ ಹೊಡೆದುಕೊಂಡವರಿಗೆ ಅವನ ದನಿಯೂ ಕೇಳುವುದಿಲ್ಲ, ಒಡಹುಟ್ಟಿದವರ ದನಿಯೂ ಕೇಳುವುದಿಲ್ಲ ಎಂದೆ. ನನ್ನ ಮೈಯಲ್ಲಿ ಉಸಿರು ಇರುವವರೆಗೆ ಆ ಹೇಸಿಗೆಯನ್ನು ನನ್ನ ಕಿವಿಗೆ ಸೋಕಿಸುವುದಿಲ್ಲ ಎಂದೂ ಹೇಳಿದೆ. ಅಷ್ಟು ಹೇಳಬೇಕೆಂದು ಮೊದಲು ಅಂದುಕೊಂಡಿರಲಿಲ್ಲ, ಬಾಯಿಗೆ ಬಂತು. ಆಮೆನ್ ಎಂದವರು ಬಹಳ ಮಂದಿ. ಮೆಲ್ವೀನಾ ಹಿಂದಿನ ಬೆಂಚಿನಲ್ಲಿ ಕೂದಲನ್ನು ಕಿವಿಯ ಹಿಂದೆ ಸರಿಸಿಕೊಂಡು, ಎರಡೂ ಕಿವಿ ಬರಿದಾಗಿ ಕಾಣುವ ಹಾಗೆ ಕೂತಿದ್ದಳು. ಬೇಕೆಂದೇ.

ನಮ್ಮ ಪಾಸ್ಟರ್ ವಯಸ್ಸಿನಲ್ಲಿ ಚಿಕ್ಕವರು. ಬಾಗಿಲಲ್ಲಿ ಕೈ ಕುಲುಕುತ್ತ, ಅಕ್ಕನ ವಸ್ತು ಹಾಳು ಮಾಡಿದ್ದೀರಲ್ಲ, ಹೊಸದೊಂದು ತಂದುಕೊಟ್ಟರೆ ಚೆನ್ನಾಗಿರುತ್ತೆ ಎಂದರು. ಅವರ ಕೋಟಿನ ಜೇಬಿನಲ್ಲೂ ಅದೇ ಬಿಳಿ ಡಬ್ಬಿಯ ಉಬ್ಬು ಕಂಡಿತು. ಯಾರಿಗೆ ಹೇಳೋಣ.

ಮೇ ೧೮, ಶನಿವಾರ

ನನ್ನ ಗಂಡ ಹೆಡ್ಲಿಯ ಟ್ರಕ್ಕಿನಲ್ಲಿ ಗ್ಯಾಂಡರ್ ಪೇಟೆಗೆ ಹೋಗಿ ಬಂದೆ. ಅವನು ದಾರಿಯುದ್ದಕ್ಕೂ ನಕ್ಕ. ಸೈತಾನನ ಆಯುಧ ಕೊಳ್ಳಲು ಹೊರಟ ದೇವರ ಸೈನಿಕಳನ್ನು ನೋಡಿದ್ದು ಇದೇ ಮೊದಲು ಎಂದ.

ಅಂಗಡಿಯಲ್ಲಿ ಒಂದು ಗೋಡೆಯಿಡೀ ಅದೇ. ಗಡ್ಡದ ಮಾರಾಟಗಾರನೊಬ್ಬ ಬಂದು ಯಾವುದಕ್ಕೆ ಬೇಕು ಎಂದ. ದಿನಾ ಕೇಳುವುದಕ್ಕೆ ಎಂದೆ. ಅಷ್ಟು ಸಾಲದಂತೆ. ಫೋನಿನಲ್ಲಿ ಮಾತಾಡಲಿಕ್ಕೋ, ನಡೆಯುವಾಗಲೋ, ಸದ್ದಿನ ನಡುವೆಯೋ ಎಂದು ಕೇಳಿದ. ಕಾರ್ಖಾನೆ, ಉಗಿ, ಯಂತ್ರ, ಒದ್ದೆ ಎಂದೆ. ಹಾಗಾದರೆ ಕಿವಿಯ ಬಾಯಲ್ಲಿ ಸುಮ್ಮನೆ ತೂಗುವ ಜಾತಿ ಬೇಡ, ಅದರಲ್ಲಿ ಹೊರಗಿನದೆಲ್ಲ ಒಳಗೆ ಬರುತ್ತದೆ, ತೂತನ್ನು ಪೂರ್ತಿ ಮುಚ್ಚುವುದನ್ನು ತಗೊಳ್ಳಿ ಎಂದ. ಅದರ ಮೂತಿಗೆ ಮೆತ್ತನೆಯ ರಬ್ಬರ್ ಟೋಪಿ ಇರುತ್ತದೆ, ಚಿಕ್ಕದು, ನಡುವಿನದು, ದೊಡ್ಡದು. ಸರಿಯಾದ ಟೋಪಿ ಕೂತರೆ ಹಾಡು ತುಂಬಿಕೊಂಡು ಕೇಳುತ್ತದೆ, ಕೂರದಿದ್ದರೆ ಎಷ್ಟು ದುಡ್ಡಿನದಾದರೂ ತಗಡು ಬಡಿದ ಹಾಗೆ, ಮೇಲಾಗಿ ಬಿದ್ದುಹೋಗುತ್ತದೆ ಎಂದ. ಒಂದರಲ್ಲಿ ಹೊರಗಿನ ಸದ್ದನ್ನು ಅದೇ ಕೊಂದುಬಿಡುತ್ತದಂತೆ. ಕೊಂದುಬಿಡುತ್ತೆ ಎಂದೇ ಹೇಳಿದ, ನಗುತ್ತ.

ಹಾಕಿ ನೋಡಬಹುದೇ ಎಂದರೆ ಆಗಲ್ಲ ಎಂದ. ಕಿವಿಯ ವಸ್ತು, ಡಬ್ಬಿ ಬಿಚ್ಚಿದ ಮೇಲೆ ವಾಪಸೂ ಇಲ್ಲ. ಅದೊಂದು ಮಾತು ಮಾತ್ರ ನನಗೆ ಮರ್ಯಾದಸ್ಥರ ಮಾತೆನಿಸಿತು. ಯಾರ ಗುಗ್ಗೆಯನ್ನು ಯಾರು ತುರುಕಿಕೊಳ್ಳುವುದು.

ಮೆಲ್ವೀನಾಳ ಹಳೆಯದರಂತೆ ಬಿಳಿ ಕಡ್ಡಿ ಇಳಿಬಿದ್ದದ್ದು ಬೇಡ ಎಂದೆ. ಅವಳು ಹಾಕಿಕೊಳ್ಳುವವಳೇ, ಬಿಡಿಸಲು ನನ್ನಿಂದಾಗದು. ಹಾಕಿಕೊಂಡರೂ ನಾಲ್ಕು ಜನಕ್ಕೆ ಕಾಣದಿರಲಿ ಎಂದು, ಬಟಾಣಿಯಷ್ಟು ಚಿಕ್ಕದಾದ, ಕಡ್ಡಿಯಿಲ್ಲದ, ಚರ್ಮದ ಬಣ್ಣದ್ದನ್ನು ಆರಿಸಿದೆ. ಮೇಲೆ ಕೂದಲು ಬಿದ್ದರೆ ಹತ್ತಿರ ನಿಂತವರಿಗೂ ತಿಳಿಯದು. ಸದ್ದು ಕೊಲ್ಲುವಂಥದ್ದೇ.

ಮನೆಗೆ ಬಂದು ಬಿಚ್ಚಿ, ಟೋಪಿಗಳನ್ನು ನನ್ನ ಕಿವಿಗೇ ಇಟ್ಟು ಅಳತೆ ನೋಡಿದೆ. ನಮ್ಮಿಬ್ಬರದೂ ಅಮ್ಮನ ಕಿವಿ. ನಡುವಿನದು ಕೂತಿತು. ಕೂತದ್ದೇ ಅಡುಗೆಮನೆಯ ಗಡಿಯಾರ ನಿಂತುಹೋದ ಹಾಗಾಯಿತು, ನನ್ನ ಗಂಟಲಿನ ಎಂಜಲು ಇಳಿಯುವ ಸದ್ದು ನನಗೇ ಕೇಳಿಸಿತು. ಹೇಸಿ ತೆಗೆದೆ. ಅಳತೆ ನೋಡಿದ್ದು ಮಾತು ಮುರಿದಂತೆ ಆಗುವುದಿಲ್ಲ.

ಮೇ ೨೧

ಡಬ್ಬಿಯನ್ನು ಯೂನಾಳ ಕೈಯಲ್ಲಿ ಕಳಿಸಿದ್ದೆ. ನಾನೇ ಹೋಗಿ ಕೊಡಬಹುದಿತ್ತು, ಆದರೆ ಕಸಿದದ್ದು ತಪ್ಪಾದರೂ ಹೇಳಿದ್ದು ತಪ್ಪಲ್ಲವಲ್ಲ. ಯೂನಾ ಸಂಜೆ ಹಿಂದಕ್ಕೆ ತಂದಳು. ಮೆಲ್ವೀನಾ ಬೇರೆ ಕೊಂಡಿದ್ದಾಳಂತೆ. ಅವಳ ಮಾತನ್ನು ಯೂನಾ ಹಾಗೇ ಒಪ್ಪಿಸಿದಳು: "ಅವಳ ಕೈ ಮುಟ್ಟಿದ್ದು ನನ್ನ ಕಿವಿಗೆ ಬೇಡ."

ಬಿಚ್ಚಿದ ಡಬ್ಬಿ, ಅಂಗಡಿಗೂ ಬೇಡ. ಹಿಟ್ಟಿನ ಡಬ್ಬದ ಹಿಂದೆ ಇಟ್ಟಿದ್ದೇನೆ.

ಮೇ ೨೮

ಮೆಲ್ವೀನಾ ಮನೆ ಮಾರಿದ್ದಾಳೆ. ಏಡಿಯ ಕಾಲ ಮುಗಿದ ಮೇಲೆ ಸಮುದ್ರದಾಚೆ ಹ್ಯಾಲಿಫ್ಯಾಕ್ಸಿಗೆ, ಮಗಳ ಮನೆಗೆ. ಊರಿಗೆಲ್ಲ ಗೊತ್ತಿತ್ತು, ನನಗೆ ಯೂನಾ ಇವತ್ತು ಊಟದ ಕೋಣೆಯಲ್ಲಿ ಹೇಳಿದಳು. ಕೈಯಲ್ಲಿದ್ದ ಬ್ರೆಡ್ಡನ್ನು ಡಬ್ಬಿಗೆ ಹಾಕಿ ಎದ್ದೆ.

ನೀನೇ ಹೋಗಿ ಮಾತಾಡು ಎಂದ ಹೆಡ್ಲಿ. ಅವಳು ದೊಡ್ಡವಳು, ಅವಳು ಬರಲಿ ಎಂದೆ. ನಾನು ಹೇಳಿದ್ದು ಸತ್ಯ, ಸತ್ಯಕ್ಕೆ ಯಾಕೆ ಕ್ಷಮೆ ಕೇಳಲಿ. ಹೆಡ್ಲಿ ಐಸ್ ಗಾಡಿ ಓಡಿಸುವ ಮನುಷ್ಯ, ಅವನೂ ತಣ್ಣಗಿನವನೇ. "ಆಂಬ್ರೋಸ್ ಸತ್ತಿದಾನೆ ಅಂತ ಅವಳಿಗೆ ಗೊತ್ತು ಗ್ಲೆನಿಸ್. ವಾರಕ್ಕೊಂದು ಸಲ ನೀನು ನೆನಪಿಸಬೇಕಾಗಿಲ್ಲ" ಎಂದ. ನಾನು ನೆನಪಿಸಿದ್ದು ಆಂಬ್ರೋಸ್ ಸತ್ತದ್ದನ್ನಲ್ಲ, ರಕ್ಷಣೆ ಸಿಗದೆ ಸತ್ತದ್ದನ್ನು. ಹೆಡ್ಲಿಗೆ ಅದು ಅರ್ಥವಾಗುವುದಿಲ್ಲ.

ಕರ್ತನೇ, ಅವಳು ಹೊರಡುವ ಮುಂಚೆ ಒಂದು ಸಲ ನನ್ನ ಅಡುಗೆಮನೆಗೆ ಬರುವ ಹಾಗೆ ಮಾಡು. ನಾನು ಬೇರೆ ಏನನ್ನೂ ಕೇಳುವುದಿಲ್ಲ.

ಜೂನ್ ೩

ಬರೆದಿಡುತ್ತೇನೆ, ಇದನ್ನು ಓದುವವರು ಯಾರೂ ಇಲ್ಲ. ಇವತ್ತು ಬನ್ನಿಗೆ ಹಿಟ್ಟು ನಾದುವಾಗ ಅದನ್ನು ಹಾಕಿಕೊಂಡೆ. ದೇವರ ವಾಕ್ಯ ಕೇಳುವುದಕ್ಕೆ. ಮನೆಯಲ್ಲಿ ಹೆಡ್ಲಿಯ ಟಿವಿ, ಕಾರ್ಖಾನೆಯಲ್ಲಿ ಯಂತ್ರ, ಮಾತಿಗೆ ಯಾರೂ ಇಲ್ಲ. ನಾನು ಸಭೆಯಲ್ಲಿ ಹೇಳಿದ್ದು ಪ್ರಪಂಚದ ಕಸ ಕೇಳುವವರಿಗೆ. ವಾಕ್ಯ ಕಸವಲ್ಲ.

ಹಾಕಿಕೊಳ್ಳುವುದೂ ಒಂದು ಕರ್ಮವೇ. ಒತ್ತಿ ಕಾಲು ಸುತ್ತು ತಿರುಗಿಸಬೇಕು. ಕೂದಲು ಸರಿಸಲು ಹೋದರೆ ಬೆರಳು ತಾಗಿ ಓದು ನಿಲ್ಲುತ್ತದೆ, ಮತ್ತೆ ತಾಗಿದರೆ ಮುಂದಿನ ಅಧ್ಯಾಯಕ್ಕೆ ಹಾರುತ್ತದೆ. ದವಡೆ ಆಡಿಸಿದರೆ ಸಡಿಲ. ಬಲಗಿವಿಯದು ಬಿದ್ದು ಹಿಟ್ಟಿನೊಳಗೆ ಮುಳುಗಿತು. ಅಗೆದು ತೆಗೆದೆ. ಆ ಹಿಟ್ಟನ್ನು ಬೀಸಾಡಬೇಕಿತ್ತು. ಬನ್ನು ಮಾಡಿ ಹೆಡ್ಲಿಗೆ ಕೊಟ್ಟೆ. ಚೆನ್ನಾಗಿದೆ ಎಂದ.

ಆಮೇಲೆ ಟೋಪಿ ಕಳಚಿ ನೋಡಿದರೆ ಒಳಗಿನ ಸಣ್ಣ ಜಾಲರಿಯಲ್ಲಿ ಹಳದಿ ಕೂತಿದೆ. ನನ್ನದೇ. ಒಣ ಬ್ರಷ್ಷಿನಿಂದ ತಿಕ್ಕಿ ತಿಕ್ಕಿ ತೆಗೆದೆ. ನಾನು ದಿನಾ ಕಿವಿ ತೊಳೆಯುವವಳು. ಎಲ್ಲಿತ್ತು ಇದೆಲ್ಲ?

ಜೂನ್ ೭

ಮೆಲ್ವೀನಾ ಇವತ್ತು ಅಂಗಡಿಯಲ್ಲಿ ಎದುರಾದಳು. ಹಾಲಿನ ಡಬ್ಬಿ ಆರಿಸುತ್ತ ಒಬ್ಬಳೇ ಸಣ್ಣಗೆ ನಗುತ್ತಿದ್ದಳು, ಕಿವಿಯಲ್ಲಿ ಹೊಸ ಬಿಳಿ ಕಡ್ಡಿ. ನನ್ನನ್ನು ಕಂಡದ್ದೇ ನಗು ಹೋಯಿತು. ಅದೆಂಥ ಕಥೆ ಇರಬಹುದು, ತಂಗಿಯ ಮುಖಕ್ಕಿಂತ ಹಿತವಾದದ್ದು?

ಜೂನ್ ೮

ಆ ಕೊಲೆ ಕಥೆಯನ್ನು ಫೋನಿನಲ್ಲಿ ಹುಡುಕಿ ಹತ್ತು ನಿಮಿಷ ಕೇಳಿದೆ. ನನ್ನ ಒಡಹುಟ್ಟಿದವಳು ಯಾವ ಚರಂಡಿಯಲ್ಲಿ ಮುಳುಗಿದ್ದಾಳೆ ಎಂದು ತಿಳಿಯಬೇಕಲ್ಲ, ಪ್ರಾರ್ಥನೆ ಮಾಡುವುದಕ್ಕಾದರೂ. ಪಾಸ್ಟರನ ಹೆಂಡತಿ ಬಾವಿಯಲ್ಲಿ. ಅವಳ ಒಂದು ಷೂ ಮಾತ್ರ ಪ್ರಾರ್ಥನಾ ಮಂದಿರದ ಛಾವಣಿಯ ಮೇಲೆ. ಕೊಳಕು ಕಥೆ. ಹೇಳುವವಳ ದನಿ ಮಾತ್ರ ಮೆತ್ತಗಿದೆ, ನಮ್ಮ ಅಮ್ಮ ಜಡೆ ಹಾಕುವಾಗ ಮಾತಾಡುತ್ತಿದ್ದಂತೆ.

ಷೂ ಛಾವಣಿಯ ಮೇಲೆ ಹೇಗೆ ಹೋಯಿತು?

ಜೂನ್ ೧೧

ಎರಡನೆಯ ಕಂತು. ಅಸಹ್ಯ.

ಜೂನ್ ೧೨

ಮೂರು, ನಾಲ್ಕು. ಆ ಪಾಸ್ಟರ್ ಎಂಥ ಹೊಲಸು ಮನುಷ್ಯ. ಅವನೇ ಕೊಂದಿದ್ದಾನೆ, ನನಗೆ ಮೊದಲೇ ಗೊತ್ತಿತ್ತು. ಬೇಯುತ್ತಿದ್ದ ಕೋಸು ತಳ ಹಿಡಿಯಿತು.

ಜೂನ್ ೧೯

ಈಗ ಸಾಲಿನಲ್ಲೂ ಹಾಕಿಕೊಳ್ಳುತ್ತೇನೆ. ಕೂದಲು ಕಿವಿಯ ಮೇಲೆ ಇಳಿಬಿಟ್ಟು, ಮೇಲೆ ಜಾಲರಿ ಟೋಪಿ. ಯಾರಿಗೂ ತಿಳಿಯುವುದಿಲ್ಲ. ಯೂನಾ ಎದುರಿಗೇ ನಿಂತು ಏನೋ ಹೇಳಿದಳು, ತುಟಿ ನೋಡಿ ತಲೆಯಾಡಿಸಿದೆ. ಸರಿಯಾದ ಉತ್ತರವೇ ಇರಬೇಕು, ಹೋದಳು. ಯಂತ್ರದ ಗರಗರ ಇಲ್ಲ, ಅವರಿವರ ಚಾಡಿಯಿಲ್ಲ, ದಿನ ಬೇಗ ಹೋಗುತ್ತದೆ. ಒಂದು ದನಿ ತಲೆಯೊಳಗೆ ಕೂತು ಮಾತಾಡುತ್ತಿದ್ದರೆ ಹೊರಗಿನ ದನಿ ಬೇಕೆನಿಸುವುದಿಲ್ಲ. ಅದು ನಮ್ಮನ್ನು ಏನೂ ಕೇಳುವುದಿಲ್ಲ, ತಪ್ಪು ಎಣಿಸುವುದಿಲ್ಲ.

ಪಾಸ್ಟರ್ ಕೊಂದದ್ದಲ್ಲ ಅನಿಸುತ್ತಿದೆ. ಅವನ ತಮ್ಮನ ಮೇಲೆ ಅನುಮಾನ.

ಹೆಡ್ಲಿ ಊಟಕ್ಕೆ ಕೂತು, ನಾನು ಕರೆದರೂ ನೀನು ಓಗೊಡುವುದಿಲ್ಲ, ಈ ವಯಸ್ಸಿಗೇ ಕಿವಿ ಮಂದವಾಯಿತೇ ಎಂದ. ಹೌದಿರಬೇಕು ಎಂದೆ. ಸುಳ್ಳು. ಕರ್ತನು ಕ್ಷಮಿಸಲಿ.

ಜೂನ್ ೨೬, ಬುಧವಾರ

ಇವತ್ತು ಕೆಲಸಕ್ಕೆ ರಜೆ, ದೋಣಿಗಳು ಮಂಜಿನಲ್ಲಿ ಸಿಕ್ಕಿ ಏಡಿ ಬಂದಿಲ್ಲ. ಕಾಡುಹಣ್ಣಿನ ಜಾಮಿನ ಹಳೆಯ ಬಾಟಲಿಗಳನ್ನೆಲ್ಲ ಸಿಂಕಿಗೆ ಹಾಕಿ ತೊಳೆದೆ. ಒಂಬತ್ತನೆಯ ಕಂತು. ತಮ್ಮನೂ ಅಲ್ಲ. ಬೆನ್ನಿಗೆ ತಣ್ಣನೆಯ ಗಾಳಿ ಬಡಿದಂತಾಗಿ ತಿರುಗಿದರೆ ಹೆಡ್ಲಿ ಬಾಗಿಲು ಅರ್ಧ ತೆರೆದೇ ಬಿಟ್ಟು ಹೋಗಿದ್ದಾನೆ. ಮಂಜು ಒಳಗೆ ಬರುತ್ತಿತ್ತು. ಅವನು ಬಂದ ಮೇಲೆ ಚೆನ್ನಾಗಿ ಬೈದೆ. ತಾನು ಮುಚ್ಚಿಯೇ ಹೋದದ್ದು ಎಂದು ವಾದಿಸಿದ. ಗಂಡಸರು.

ಜೂನ್ ೩೦, ಭಾನುವಾರ

ಆರಾಧನೆಯಲ್ಲಿ ಯೂನಾ ನನ್ನ ಪಕ್ಕ ಕೂರಲಿಲ್ಲ. ಮುಗಿದ ಮೇಲೆ ಅಂಗಳದಲ್ಲಿ ನಾನೇ ತಡೆದು ಏನಾಯಿತು ಎಂದೆ. ಅವಳು ನನ್ನನ್ನು ಹುಳ ಬಿದ್ದ ಮೀನನ್ನು ನೋಡುವಂತೆ ನೋಡಿದಳು.

"ಬುಧವಾರ ನಿನ್ನ ಅಕ್ಕ ನಿನ್ನ ಅಡುಗೆಮನೆಗೆ ಬಂದಿದ್ಳು. ನಿನ್ನ ಹಿಂದೆ ನಿಂತು ಮಾತಾಡಿದ್ಳು. ನೀನು ತಿರುಗಲಿಲ್ಲ. ಬಾಟ್ಲಿ ತೊಳೀತಾ ನಿಂತಿದ್ಯಂತೆ. ಅವಳು ಅಳ್ತಾ ನನ್ನ ಮನೆಗೆ ಬಂದ್ಳು ಗ್ಲೆನಿಸ್. ನಾಯಿ ಬಂದ್ರೂ ಜನ ತಿರುಗಿ ನೋಡ್ತಾರೆ."

ನ್ಯೂಫೌಂಡ್‌ಲ್ಯಾಂಡ್ ದ್ವೀಪದ ಈ ದಡದಲ್ಲಿ ಯಾರೂ ಬಾಗಿಲು ತಟ್ಟುವುದಿಲ್ಲ. ತಟ್ಟುವವರು ಪೊಲೀಸರು, ಪರ ಊರಿನವರು. ನಮ್ಮವರಾದರೆ ನೇರ ಒಳಗೆ ಬಂದು ಮಾತು ಶುರು ಮಾಡುತ್ತಾರೆ. ಬಂದವರು ಬೇಡವಾಗಿದ್ದರೆ ಹೋಗು ಎಂದು ಬಾಯಿಬಿಟ್ಟು ಹೇಳುವ ಕ್ರಮವೂ ಇಲ್ಲ. ಕೈಯಲ್ಲಿನ ಕೆಲಸ ಬಿಡದೆ, ತಿರುಗದೆ ನಿಂತರೆ ಸಾಕು. ಅವರು ಹೋಗುತ್ತಾರೆ, ಆ ಹೊಸ್ತಿಲನ್ನು ಮತ್ತೆ ತುಳಿಯುವುದಿಲ್ಲ. ನಮ್ಮ ಅಜ್ಜಿ ತನ್ನ ತಮ್ಮನಿಗೆ ಹಾಗೆ ಮಾಡಿದ್ದಳು. ಅವರಿಬ್ಬರೂ ಮಾತಿಲ್ಲದೆಯೇ ಸತ್ತರು.

ನಾನು ದೇವರಲ್ಲಿ ಕೇಳಿದ್ದೆ. ಅವನು ಕೊಟ್ಟಿದ್ದ. ಅವಳು ಬಂದು ಹಿಂದೆ ನಿಂತಿದ್ದಳು, ನಾನು ಒಂಬತ್ತನೆಯ ಕಂತು ಕೇಳುತ್ತಿದ್ದೆ.

ಬಿಳಿ ಕಡ್ಡಿಯದ್ದನ್ನೇ ಕೊಂಡಿದ್ದರೆ ಅವಳಿಗೆ ಕಾಣುತ್ತಿತ್ತು. ಒಂದು ಸಲ ಹೆಗಲು ತಟ್ಟುತ್ತಿದ್ದಳು.

ಜುಲೈ ೧

ಯೂನಾಗೆ ಏನು ಹೇಳಿದೆ? ಏನೂ ಹೇಳಲಿಲ್ಲ. ಕೇಳಿಸಲಿಲ್ಲ ಎಂದರೆ ಯಾಕೆ ಎನ್ನುತ್ತಾಳೆ. ಯಾಕೆ ಎಂದರೆ ಹೇಳಬೇಕು. ಇಡೀ ಸಭೆಯ ಮುಂದೆ ಉಸಿರು ಇರುವವರೆಗೆ ಎಂದವಳು ನಾನು. ಕಾರ್ಖಾನೆಯ ಹೆಂಗಸರಿಗೆಲ್ಲ ಹೊಲಸಿನಲ್ಲಿ ಕೈ ಅದ್ದಿಸಿದವಳು. ಅವರು ನಗುವುದನ್ನು ನೆನೆದರೆ ಬೆವರು ಬರುತ್ತದೆ.

ಜ್ವರ ಬಂದಿತ್ತು ಎನ್ನಬಹುದು. ಕಿವಿ ಸೋರುತ್ತಿತ್ತು, ಹತ್ತಿ ಇಟ್ಟುಕೊಂಡಿದ್ದೆ ಎನ್ನಬಹುದು. ಹತ್ತಿಯ ಮಾತನ್ನು ಹೆಡ್ಲಿಯ ಮುಂದೆ ಆಡಿ ನೋಡಿದೆ. ಅವನು ಎದ್ದು ಹೋಗಿ, ಹಿಟ್ಟಿನ ಡಬ್ಬದ ಹಿಂದಿನಿಂದ ಆ ಡಬ್ಬಿ ತಂದು ಮೇಜಿನ ಮೇಲಿಟ್ಟ. "ಇದಾ ಹತ್ತಿ?" ಎಂದ.

ಯಾವಾಗಿನಿಂದ ಗೊತ್ತು ಎಂದೆ. ಬನ್ನಿನಲ್ಲಿ ಒಂದು ರಬ್ಬರ್ ಟೋಪಿ ಸಿಕ್ಕಿತ್ತಂತೆ. ಅವತ್ತೇ. ಟೋಪಿ ಪಕ್ಕಕ್ಕಿಟ್ಟು, ಬನ್ನು ತಿಂದು, ಚೆನ್ನಾಗಿದೆ ಎಂದಿದ್ದ. ಒಂದು ಟೋಪಿ ಕಾಣದಾಗ ಸಿಂಕಿನಲ್ಲಿ ಹೋಯಿತೆಂದುಕೊಂಡು ಪೆಟ್ಟಿಗೆಯ ಬೇರೆ ಟೋಪಿ ಹಾಕಿಕೊಂಡಿದ್ದೆ.

ನನ್ನ ಬಗ್ಗೆ ನನಗೇ ಇಷ್ಟು ಹೇಸಿಗೆ ಎಂದೂ ಆಗಿರಲಿಲ್ಲ. ಮೆಲ್ವೀನಾಳ ಹಡಗು ಶನಿವಾರ.

ಜುಲೈ ೨

ಹೋಗಲಿಲ್ಲ.

ಜುಲೈ ೩

ಅವಳ ಬೇಲಿಯವರೆಗೆ ಹೋಗಿ ಬಂದೆ. ಒಳಗೆ ಪೆಟ್ಟಿಗೆಗೆ ಟೇಪ್ ಹಚ್ಚುವ ಸದ್ದು ಕೇಳಿಸುತ್ತಿತ್ತು.

ಜುಲೈ ೪, ಗುರುವಾರ

ಕೆಲಸ ಮುಗಿಸಿ, ಏಪ್ರನ್ನಿನ ವಾಸನೆಯಲ್ಲೇ ನೇರ ಅವಳ ಮನೆಗೆ ಹೋದೆ. ಮನೆಗೆ ಹೋಗಿ ಬಟ್ಟೆ ಬದಲಿಸಿದರೆ ಮತ್ತೆ ಹೊರಡುವುದಿಲ್ಲ ಎಂದು ಗೊತ್ತಿತ್ತು. ಬಾಗಿಲು ತಳ್ಳಿ ಒಳಗೆ ಹೋದೆ. ಅವಳು ತಟ್ಟೆಗಳನ್ನು ಹಳೆಯ ಪತ್ರಿಕೆಯಲ್ಲಿ ಸುತ್ತುತ್ತಿದ್ದಳು. ಕಿವಿಯಲ್ಲಿ ಏನೂ ಇರಲಿಲ್ಲ. ನನ್ನ ಹೆಜ್ಜೆ ಅವಳಿಗೆ ಗೊತ್ತು. ತಿರುಗಲಿಲ್ಲ. ಸುತ್ತುತ್ತಲೇ ಇದ್ದಳು.

ಆಗ ಗೊತ್ತಾಯಿತು ಅದು ಹೇಗಿರುತ್ತದೆ ಎಂದು. ಮನುಷ್ಯರ ಬೆನ್ನು ಎಷ್ಟು ಅಗಲ.

ಆ ಬೆನ್ನಿಗೇ ಹೇಳಿದೆ. ಬುಧವಾರ ನೀನು ಬಂದದ್ದು ನನಗೆ ಗೊತ್ತಾಗಲಿಲ್ಲ, ಒಂದು ಶಬ್ದವೂ ಕೇಳಿಸಲಿಲ್ಲ, ಕಿವಿಯಲ್ಲಿ ಇತ್ತು ಎಂದೆ.

ಪತ್ರಿಕೆಯ ಸದ್ದು ನಿಂತಿತು. "ಏನಿತ್ತು?"

"ಅದೇ. ನಿನಗೆ ತಂದಿದ್ದು."

ಅವಳು ಆಗಲೂ ನಂಬಲಿಲ್ಲ. ತಿರುಗಿದಳು ಮಾತ್ರ. ತೋರಿಸು ಎಂದಳು. ಏಪ್ರನ್ನಿನ ಜೇಬಿನಿಂದ ಡಬ್ಬಿ ತೆಗೆದು ಮೇಜಿನ ಮೇಲಿಟ್ಟೆ. ಅವಳು ಒಂದನ್ನು ಎರಡು ಉಗುರಿನಲ್ಲಿ ಎತ್ತಿ, ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. ಮುಖ ಹಿಂಡಿದಳು.

"ಛೀ, ಗ್ಲೆನ್. ಒರೆಸಿಟ್ಕೋಬಾರದೇನೇ. ಎಂಥಾ ಗುಗ್ಗೆ ಇದು."

ನಾನು ತಲೆ ತಗ್ಗಿಸಿ ನಿಂತೆ. ಏನು ಕೇಳುತ್ತಿದ್ದೆ ಎಂದಳು. ದೇವರ ವಾಕ್ಯ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಹೇಳಿದ್ದರೆ ನಂಬುತ್ತಿದ್ದಳು. ಅಷ್ಟಾದರೂ ಮರ್ಯಾದೆ ಉಳಿಯುತ್ತಿತ್ತು. ಕೊಲೆ ಕಥೆ ಎಂದೆ. ಬಾವಿಯದು.

ಅವಳು ಕುರ್ಚಿಯ ಬೆನ್ನು ಹಿಡಿದುಕೊಂಡಳು. "ಎಷ್ಟನೇ ಕಂತು?"

"ಒಂಬತ್ತು ಮುಗೀತು."

"ಆರ್ಗನ್ ನುಡಿಸೋಳು" ಎಂದಳು.

ನನಗೆ ಅರ್ಥವಾಗಲಿಲ್ಲ.

"ಕೊಂದೋಳು ಕಣೇ. ಆರ್ಗನ್ ನುಡಿಸೋಳು. ಹನ್ನೆರಡನೇ ಕಂತಲ್ಲಿ ಹೇಳ್ತಾರೆ." ಹೇಳಿ ಹೋಗಿ ಒಲೆಯ ಮೇಲೆ ಕೆಟಲ್ ಇಟ್ಟಳು.

ನನಗೆ ನಿಜವಾಗಿಯೂ ಕೋಪ ಬಂತು. ಆರ್ಗನ್ನಿನವಳ ಮೇಲೆ ನನಗೆ ಒಂದು ಚೂರೂ ಅನುಮಾನ ಇರಲಿಲ್ಲ. ಆದರೆ ಕೆಟಲ್ ಇಟ್ಟಿದ್ದಳಲ್ಲ, ಸುಮ್ಮನಾದೆ. ಕುರ್ಚಿಯ ಮೇಲಿನ ಪೆಟ್ಟಿಗೆ ಇಳಿಸಿ ಕೂತೆ.

ಬುಧವಾರ ಏನು ಹೇಳಲು ಬಂದಿದ್ದೆ ಎಂದು ಕೇಳಿದೆ. ಅವಳು ಬನ್ನಿನ ತಟ್ಟೆ ಮುಂದಿಟ್ಟು, "ನಿನ್ನ ಬೆನ್ನಿಗೆ ಹೇಳಿಯಾಗಿದೆ. ಅದನ್ನೇ ಕೇಳ್ಕೋ" ಎಂದಳು. ಇನ್ನೊಮ್ಮೆ ಕೇಳಿದೆ. ತಲೆಯಾಡಿಸಿದಳು. ಒಂದು ಸಲ ಧೈರ್ಯ ಮಾಡಿದ್ದಾಯಿತು, ಮತ್ತೆ ಬರುವುದಿಲ್ಲ ಎಂದಳು. ಆ ಮಾತು ನನಗೆ ಇನ್ನು ಸಿಗುವುದಿಲ್ಲ. ಒಳ್ಳೆಯ ಮಾತಿತ್ತೋ ಬೈಗುಳವಿತ್ತೋ, ಅಳುತ್ತ ಹೇಳಿದಳೋ ಹೇಳಿ ಅತ್ತಳೋ. ಅವಳ ಬಾಯಿಂದ ಬಂದು ನನ್ನ ಅಡುಗೆಮನೆಯಲ್ಲಿ ಬಿದ್ದದ್ದು ಆ ಮಂಜಿನ ಜೊತೆ ಹೊರಟುಹೋಯಿತು.

ಆಮೇಲೆ ಅವಳು ಆಂಬ್ರೋಸನ ಮಾತೆತ್ತಿದಳು. ನಾನಲ್ಲ, ಅವಳೇ. ಕೊನೆಯ ವಾರ ಅವನಿಗೆ ಮಾತು ನಿಂತಿತ್ತು. ಮನೆಯಲ್ಲಿ ಆಮ್ಲಜನಕದ ಯಂತ್ರದ ಸದ್ದು ಬಿಟ್ಟರೆ ಇನ್ನೇನೂ ಇರಲಿಲ್ಲ. ಅವನು ಹೋದ ಮೇಲೆ ಯಂತ್ರದವರು ಬಂದು ಅದನ್ನೂ ಕೊಂಡೊಯ್ದರು.

"ಯಾರಾದರೂ ಮಾತಾಡ್ತಾ ಇರಲಿ ಅಂತ ಕಿವಿಗೆ ಹಾಕ್ಕೊಂಡೆ. ಯಾರಾದರೂ ಸರಿ. ಅವನು ಈಗ ಎಲ್ಲಿದಾನೆ ಅಂತ ನನ್ನ ಕೇಳದೋರು."

ನನಗೆ ಹೇಳಲು ಬೇಕಾದಷ್ಟಿತ್ತು. ಕರ್ತನ ಕರುಣೆಯ ಮೇಲೆ ಒಂದು ವಾಕ್ಯ ಬಾಯಿಪಾಠ ಇತ್ತು, ಸರಿಯಾದ ಜಾಗಕ್ಕೆ ಸರಿಯಾಗಿ ಹೊಂದುವಂಥದ್ದು. ಅವಳು ಹೇಳುತ್ತಲೇ ಹೋದಳು. ಅವನ ಕಾಲುಚೀಲ ಇನ್ನೂ ಒಗೆದಿಲ್ಲವಂತೆ, ಹಾಗೇ ಹ್ಯಾಲಿಫ್ಯಾಕ್ಸಿಗೆ ಒಯ್ಯುತ್ತಾಳಂತೆ. ಮಗಳಿಗೆ ಗೊತ್ತಾದರೆ ಬಿಸಾಡುತ್ತಾಳೆಂದು ಚಹಾ ಡಬ್ಬಿಯಲ್ಲಿ ಹಾಕಿಟ್ಟಿದ್ದಾಳೆ. ಒಂಬತ್ತು ತಿಂಗಳ ಹಿಂದಿನ ಬೆವರಿನ ಕಾಲುಚೀಲ, ಚಹಾ ಡಬ್ಬಿಯಲ್ಲಿ. ನನಗೆ ಹೇಸಿಗೆಯಾಗಬೇಕಿತ್ತು. ಮುಚ್ಚಳ ಗಟ್ಟಿಯಿದೆಯೇ ನೋಡು, ವಾಸನೆ ಹೋಗಿಬಿಡುತ್ತದೆ ಎಂದೆ ಅಷ್ಟೇ.

ಹೊರಗೆ ಬೆಳಕು ಇಳಿಯತೊಡಗಿದಾಗ ಅವಳು ಮಾತು ನಿಲ್ಲಿಸಿ ನನ್ನನ್ನು ವಿಚಿತ್ರವಾಗಿ ನೋಡಿದಳು. "ಗ್ಲೆನ್, ನೀನು ಸುಮ್ಮನೆ ಕೂರೋಕೆ ಯಾವಾಗ ಕಲಿತೆ?"

"ಬಾಯಲ್ಲಿ ಬನ್ನಿತ್ತು" ಎಂದೆ.

ಇತ್ತು ಕೂಡ. ಅವಳ ಬನ್ನು ಕಲ್ಲು, ಚಹಾದಲ್ಲಿ ತಗಡಿನ ಡಬ್ಬಿಯ ಹಾಲಿನ ಜಿಡ್ಡು. ಅದೂ ಯಾವ ಡಬ್ಬಿಯಿಂದ ತೆಗೆದ ಚಹಾವೋ ಯಾರಿಗೆ ಗೊತ್ತು. ಇನ್ನೊಂದು ಕಪ್ ಹಾಕು ಎಂದೆ. ಹಾಕಿದಳು.